ಪುಸ್ತಕದಂಗಡಿ ಬದುಕುವ ಬಗೆ

ನಮ್ಮ ವಾಚನಾಲಯದಲ್ಲಿ ಓದಲು ಕಾಸು ಕೊಡಬೇಕಾಗಿಲ್ಲ. ಹೀಗಿರುವಾಗ ಪುಸ್ತಕ ಕೊಳ್ಳುವ ಮಾತನ್ನು ಈ ಪುಟದಲ್ಲಿ ಎತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ವಾಚನಾಲಯದ ಕಪಾಟು ತಾನಾಗಿ ತುಂಬುವುದಿಲ್ಲವಷ್ಟೆ. ಆದುದರಿಂದ ಪುಸ್ತಕದಂಗಡಿಯೆಂಬುದು ಯಾವುದರಿಂದ ಬದುಕುತ್ತದೆ ಎಂಬುದನ್ನು ತುಸು ವಿಚಾರ ಮಾಡೋಣ.

ಮೊದಲು ಹಳೆಯ ಪುಸ್ತಕದ ಮಾತು. ಆಂಟಾಪ್ ಹಿಲ್ಲಿನ ಸರಕಾರಿ ವಸತಿಗಳಲ್ಲಿರುವ ನಮ್ಮವರು ನಿವೃತ್ತರಾದ ಮೇಲೆ ಮನೆ ಬಿಡಬೇಕಾಗುತ್ತದೆ. ಪಾತ್ರೆ ಪಡಗ, ಮಂಚ, ದೇವರ ಮಂಟಪ ಎಲ್ಲವೂ ಲಾರಿ ಹತ್ತುತ್ತವೆ. ಮೂವತ್ತು ವರ್ಷ ಕೂಡಿಟ್ಟ ಪುಸ್ತಕಗಳು ಮಾತ್ರ ಎಷ್ಟೋ ಮನೆಗಳಲ್ಲಿ ರದ್ದಿಯವನ ತಕ್ಕಡಿ ಹತ್ತುತ್ತವೆ. ಮಕ್ಕಳಿಗೆ ಕನ್ನಡ ಓದಲು ಬಾರದು, ಹೊಸ ಮನೆಯಲ್ಲಿ ಜಾಗ ಸಾಲದು, ಯಾರನ್ನು ದೂರೋಣ? ತಕ್ಕಡಿಗೆ ಕಾರಂತರ ಕಾದಂಬರಿಯೂ ಒಂದೇ, ಕಳೆದ ತಿಂಗಳ ವರ್ತಮಾನಪತ್ರವೂ ಒಂದೇ.

ಅಲ್ಲಿಂದ ಮುಂದೆ ಪುಸ್ತಕಕ್ಕೆ ಎರಡೇ ದಾರಿ. ಒಂದು ಕಾಗದದ ಗಿರಣಿಗೆ. ಇನ್ನೊಂದು ಹಳೆಯ ಪುಸ್ತಕದ ವ್ಯಾಪಾರಿಯ ಕೈಗೆ. ಈ ವ್ಯಾಪಾರಿ ರದ್ದಿಯ ರಾಶಿಯಲ್ಲಿ ಆರಿಸಿ, ತೂಕದ ಬೆಲೆಗಿಂತ ಕೊಂಚ ಹೆಚ್ಚು ಕೊಟ್ಟು ತರುತ್ತಾನೆ. ತನಗೆ ಗುರುತಿರುವುದನ್ನು, ಗಿರಾಕಿ ಕೇಳುವುದನ್ನು ಮಾತ್ರ ಆರಿಸುತ್ತಾನೆ. ನಮಗೆ ಸಮೀಪದ ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನ ಪುಸ್ತಕದವರನ್ನೇ ನೋಡಿರಿ. ಎಂಜಿನಿಯರಿಂಗ್, ವೈದ್ಯಕೀಯ ಪಠ್ಯಗಳ ರಾಶಿ ಅಲ್ಲಿ ಬಿದ್ದಿರುತ್ತದೆ. ವಿದ್ಯಾರ್ಥಿಗಳು ವರ್ಷಾರಂಭದಲ್ಲಿ ಕೊಂಡು, ಪರೀಕ್ಷೆ ಮುಗಿದೊಡನೆ ಅಲ್ಲಿಗೇ ಮಾರುವುದರಿಂದ ಆ ಚಕ್ರ ನಿಲ್ಲದೆ ತಿರುಗುತ್ತದೆ. ಕನ್ನಡದ ಮೇಲೆ ಆ ವ್ಯಾಪಾರಿಗೆ ಹಗೆಯೇನೂ ಇಲ್ಲ. ಲಿಪಿ ತಿಳಿಯದು, ಕೇಳುವವರು ವಿರಳ, ಅಷ್ಟೆ. ಭಾವೂ ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿಗೆ (1926ರಿಂದ ಇರುವ ಸಂಸ್ಥೆ) ನಾಟಕ ನೋಡಲು ಹೋಗುವ ನಾವು ಆ ರಾಶಿಗಳ ಮುಂದೆಯೇ ಹಾದುಹೋಗುತ್ತೇವೆ, ನಿಂತು, “ಕನ್ನಡದ್ದು ಏನಾದರೂ ಬಂದಿದೆಯೇ?” ಎಂದು ಕೇಳುವವರೆಷ್ಟು ಮಂದಿ?

ಹಳೆಯ ಪುಸ್ತಕ ಕೊಂಡರೆ ಲೇಖಕನಿಗೆ ಒಂದು ಕಾಸೂ ಸೇರದೆಂಬ ಆಕ್ಷೇಪವುಂಟು. ಮಾತು ನಿಜವೇ. ಆದರೆ ಮರುಮುದ್ರಣ ಕಾಣದ ಗ್ರಂಥಕ್ಕೆ ಬೇರೆ ಆಶ್ರಯ ಎಲ್ಲಿದೆ? ಅಚ್ಚಿನಲ್ಲಿರುವುದನ್ನು ಹೊಸದಾಗಿಯೂ, ಅಚ್ಚಿನಲ್ಲಿಲ್ಲದ್ದನ್ನು ಹಳೆಯದಾಗಿಯೂ ಕೊಳ್ಳುವುದು ನ್ಯಾಯವೆಂದು ನಮ್ಮ ಅಭಿಪ್ರಾಯ. ಮಸುಕು ಅಚ್ಚಿನ ಕಳ್ಳಮುದ್ರಣಗಳೂ ಫುಟ್‌ಪಾತಿನಲ್ಲಿ ಸಿಗುತ್ತವೆ, ಅವನ್ನು ಮುಟ್ಟಬಾರದು.

ಇನ್ನು ಹೊಸ ಪುಸ್ತಕದ ಅಂಗಡಿ. ನೂರು ರೂಪಾಯಿಯ ಪುಸ್ತಕದಲ್ಲಿ ಅಂಗಡಿಯವನಿಗೆ 30 ರೂಪಾಯಿ ಉಳಿಯಿತೆಂದು ಇಟ್ಟುಕೊಳ್ಳೋಣ. ನಾವು ಚೌಕಾಶಿ ಮಾಡಿ 20 ರೂಪಾಯಿ ರಿಯಾಯಿತಿ ಪಡೆದರೆ ಅವನಿಗೆ ಮಿಕ್ಕದ್ದು 10. ಮಳಿಗೆಯ ಬಾಡಿಗೆ, ದೀಪದ ಖರ್ಚು, ಆಳಿನ ಸಂಬಳ, ಮುಂಬಯಿಯ ಮಳೆಗಾಲದಲ್ಲಿ ಬೂಷ್ಟು ಹಿಡಿದ ಪುಸ್ತಕಗಳ ನಷ್ಟ ಎಲ್ಲವೂ ಅದರಲ್ಲಿಯೇ. ತರಕಾರಿಯವನ ಮಾಲು ಸಂಜೆಗೆ ತೀರುತ್ತದೆ. ಇವನ ಮಾಲು ಐದು ವರ್ಷ ಕಪಾಟಿನಲ್ಲಿ ಕುಳಿತಿರಲೂಬಹುದು. ಅಂಗಡಿಯಲ್ಲಿ ಪುಟ ತಿರುವಿ ನೋಡಿ, ಹೊರಗೆ ಬಂದು ಮೊಬೈಲಿನಲ್ಲಿ ಅಗ್ಗಕ್ಕೆ ತರಿಸಿಕೊಳ್ಳುವ ಜಾಣರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು.

ಟಿ. ಎನ್. ಶಾನಭಾಗರು 1948ರಲ್ಲಿ ಕೊಲಾಬಾದ ಸ್ಟ್ರ್ಯಾಂಡ್ ಚಿತ್ರಮಂದಿರದಲ್ಲಿ ಸಣ್ಣದೊಂದು ಪುಸ್ತಕದ ಕಟ್ಟೆ ತೆರೆದರು. ಅದೇ ಮುಂದೆ ಫೋರ್ಟಿನ ಸ್ಟ್ರ್ಯಾಂಡ್ ಬುಕ್ ಸ್ಟಾಲ್ ಆಗಿ ಹೆಸರು ಪಡೆಯಿತು. ಶಾನಭಾಗರಿಗೆ 2003ರಲ್ಲಿ ಪದ್ಮಶ್ರೀ ಬಂದಿತು. 2009ರಲ್ಲಿ ಅವರು ತೀರಿಕೊಂಡರು. 2018ರಲ್ಲಿ ಅಂಗಡಿಯೂ ಮುಚ್ಚಿತು. ಅದೇ ಕುಟುಂಬದ ಟಿ. ಎಸ್. ಶಾನಭಾಗರು ಬೆಂಗಳೂರಿನಲ್ಲಿ 1971ರಲ್ಲಿ ಆರಂಭಿಸಿದ ಪ್ರೀಮಿಯರ್ ಪುಸ್ತಕದಂಗಡಿ 2009ರಲ್ಲಿಯೇ ಬಾಗಿಲು ಹಾಕಿತ್ತು. ಇಂಥ ಅಂಗಡಿಗಳು ಮುಚ್ಚುವಾಗ ಮರುಗುವವರು ಬಹಳ ಜನ. ಅದರ ಹಿಂದಿನ ವರ್ಷ ಅಲ್ಲಿ ಕೊಂಡವರು ಎಷ್ಟು ಜನವೋ! ಆದರೂ ಎಲ್ಲವೂ ಮುಳುಗಿತೆಂದು ತಿಳಿಯಬೇಕಾಗಿಲ್ಲ. 1945ರಲ್ಲಿ ಕೆ. ಬಿ. ಕೆ. ರಾವ್ ಅವರು ಬೆಂಗಳೂರಿನಲ್ಲಿ ತೆರೆದ ಸೆಲೆಕ್ಟ್ ಹಳೆಯ ಪುಸ್ತಕದಂಗಡಿ ಮಗನ ಕೈಗೂ ಮೊಮ್ಮಗನ ಕೈಗೂ ಬಂದಿತು. ಮಹಾತ್ಮ ಗಾಂಧಿ ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುತ್ತಿದ್ದ ಮಾಯಿಗೌಡರು ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್ ಎಂಬ ದೊಡ್ಡ ಮಳಿಗೆಯನ್ನೇ ಕಟ್ಟಿದರು.

ಕನ್ನಡದಲ್ಲಿ ಪುಸ್ತಕ ಮಾರುವುದು ಎಂದೂ ಸುಲಭವಾಗಿರಲಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ ಚಂದಾದಾರರನ್ನು ಕೂಡಿಸಿದರು. ಚಂದಾ ಎಂದರೆ ಪುಸ್ತಕ ಅಚ್ಚಾಗುವ ಮುನ್ನವೇ ಓದುಗನು ಕೊಟ್ಟ ಮಾತು. ಇಷ್ಟು ಮಂದಿ ಕೊಳ್ಳುವರೆಂದು ತಿಳಿದಿದ್ದರೆ ಪ್ರಕಾಶಕನಿಗೆ ಕಾಗದ ಕೊಳ್ಳುವ ಧೈರ್ಯ ಬರುತ್ತದೆ. ಫುಟ್‌ಪಾತಿನ ವ್ಯಾಪಾರಿಗೂ ಬೇಕಾದದ್ದು ಇಂಥದೇ ಭರವಸೆ.

ಅದಕ್ಕಾಗಿ ನಮ್ಮ ಓದುಗರಲ್ಲಿ ಎರಡು ಬೇಡಿಕೆ. ಮನೆ ಬಿಡುವವರು ಪುಸ್ತಕಗಳನ್ನು ತಕ್ಕಡಿಗೆ ಹಾಕುವ ಮುನ್ನ ನಮಗೊಂದು ಮಾತು ತಿಳಿಸಲಿ. ನಮ್ಮಲ್ಲಿ ಇಲ್ಲದ್ದನ್ನು ಇಟ್ಟುಕೊಂಡು, ಉಳಿದವನ್ನು ಹೆಸರು, ಲೇಖಕ, ವಿಷಯ ಇವುಗಳ ಹಿಂದಿ ಚೀಟಿ ಅಂಟಿಸಿ ಹಳೆಯ ಪುಸ್ತಕದವರಿಗೆ ಮುಟ್ಟಿಸುತ್ತೇವೆ. ಚೀಟಿಯಿದ್ದರೆ ಲಿಪಿ ಬಾರದವನೂ ಮಾರಬಲ್ಲ. ಇನ್ನು, ಹುಡುಕುತ್ತಿರುವ ಪುಸ್ತಕಗಳ ಹೆಸರನ್ನು ವಾಚನಾಲಯದ ಮೇಜಿನ ಮೇಲಿನ ವಹಿಯಲ್ಲಿ ಬರೆಯಿರಿ. ಆ ಪಟ್ಟಿಯ ಪ್ರತಿಯನ್ನು ತಿಂಗಳಿಗೊಮ್ಮೆ ಕಿಂಗ್ಸ್ ಸರ್ಕಲ್ಲಿಗೆ ಒಯ್ಯುತ್ತೇವೆ. ಬರೆದವರು, ಪುಸ್ತಕ ದೊರೆತಾಗ ಕೊಳ್ಳಲು ಸಿದ್ಧರಿರಬೇಕು.