ಗ್ಯಾಸು ಅಂತ ಬಂದವರು ಕಲಿಸಿದ್ದು

ಬೆಳಗೋಡಿನ ಸುತ್ತಿನ ಕಾಫಿ ತೋಟದವರಿಗೆ ಔಷಧಿ ಕೊಡುತ್ತಲೇ ನನ್ನ ತಲೆ ನರೆಯಿತು. ಇಷ್ಟು ವರ್ಷಗಳಲ್ಲಿ "ನನಗೆ ಆತಂಕದ ಕಾಯಿಲೆ" ಅಂತ ಬಂದವರನ್ನು ಬೆರಳಲ್ಲಿ ಎಣಿಸಬಹುದು.

1. ಕಾಯಿಲೆಗೆ ಊರಲ್ಲಿ ಬೇರೆ ಹೆಸರಿದೆ. "ಗ್ಯಾಸ್ ಎದೆಗೇರಿದೆ", "ಬಿಪಿ ಲೋ ಆಯ್ತು", "ಜೀವ ಝಲ್ ಅಂತು". ಇಸಿಜಿ ಸರಿಯಿದ್ದರೆ ಮೊದಮೊದಲು ನಾನೂ "ಏನಿಲ್ಲ, ಹೋಗಿ" ಅನ್ನುತ್ತಿದ್ದೆ. ನಾನು ಆಡಿದ ಅತಿ ಕೆಟ್ಟ ಮಾತು ಅದು. ಸಾವನ್ನೇ ಕಂಡು ಬಂದವನಿಗೆ ಏನಿಲ್ಲ ಅಂದರೆ ಮರುವಾರ ಇನ್ನೊಬ್ಬ ಡಾಕ್ಟರ ಹತ್ತಿರ ಇನ್ನೊಂದು ಇಸಿಜಿ ತೆಗೆಸುತ್ತಾನೆ, ಅಷ್ಟೆ. ಹೃದಯದ ಮೇಲೆ ಆರೋಪ ಹೊರಿಸಿದವರು ನಮ್ಮೂರಿನವರಷ್ಟೇ ಅಲ್ಲ. 1871ರಲ್ಲಿ ಅಮೆರಿಕದ ವೈದ್ಯ ಡ ಕೋಸ್ಟಾ ಇದೇ ಎದೆಬಡಿತವನ್ನು ಸೈನಿಕರಲ್ಲಿ ಕಂಡು 'ಕೆರಳಿದ ಹೃದಯ' ಎಂದು ಬರೆದ. ಹೀಗೆ ಏಕಾಏಕಿ ಮುಗಿಬೀಳುವ ಆತಂಕಕ್ಕೆ, ಅಂದರೆ ಪ್ಯಾನಿಕ್ ಅನ್ನುವುದಕ್ಕೆ, ಅಲ್ಲಿನ ಮನೋವೈದ್ಯರ ಪಟ್ಟಿಯಲ್ಲಿ ಪ್ರತ್ಯೇಕ ಜಾಗ ಸಿಕ್ಕಿದ್ದು 1980ರಲ್ಲಿ.

2. ಕಾಫಿ ಎಷ್ಟು ಲೋಟ ಅಂತ ಕೇಳಿ. ಕಾಫಿ ಬೆಳೆಯುವ ಊರಲ್ಲಿ ಈ ಪ್ರಶ್ನೆಗೆ ನಗುತ್ತಾರೆ, ಕೇಳಲೇಬೇಕು. ಎದೆ ಹಾಗೆ ಬಡಿದುಕೊಳ್ಳಲು ಕಾಫಿಯೂ ಸಾಕು. ಅದೇ ಕಾರಣಕ್ಕೆ ಥೈರಾಯ್ಡ್, ರಕ್ತಹೀನತೆಯನ್ನೂ ನೋಡಿ.

3. ಬೇಗ ಹಿಡಿಯುವ ಮಾತ್ರೆ ಬೇಗ ಬಿಡುವುದಿಲ್ಲ. 1960ರ ದಶಕದಲ್ಲಿ ಆತಂಕದ ಮಾತ್ರೆ ವೇಲಿಯಂ ಬಂದಾಗ ಜಗತ್ತೇ ಮರುಳಾಗಿತ್ತು. ಅದರದೇ ಬಳಗದ ಆಲ್‌ಪ್ರಜೋಲಾಂನ ಹಳೇ ಚೀಟಿಯನ್ನು ಮಡಚಿ ಜೇಬಿನಲ್ಲೇ ಇಟ್ಟುಕೊಂಡು ತಿರುಗುವವರನ್ನು ಈಗಲೂ ನೋಡುತ್ತೇನೆ. ಅವರಿಗೆ ಆ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯ, ಇಳಿಸುತ್ತಾ ಬರಬೇಕು. ಈಗ ಮೊದಲು ಕೊಡುವ ಎಸ್ಸಿಟಾಲೋಪ್ರಾಂ, ಸರ್ಟ್ರಾಲಿನ್‌ ಗುಣ ತೋರಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ತಳಮಳ ಹೆಚ್ಚಿದರೂ ಹೆಚ್ಚಬಹುದು. ಇದನ್ನು ಮುಂಚೆಯೇ ಹೇಳದಿದ್ದರೆ ಮೂರನೇ ದಿನಕ್ಕೆ ಮಾತ್ರೆ ಬಚ್ಚಲು ಸೇರುತ್ತದೆ.

4. ಆನೆಯ ಭಯ ಕಾಯಿಲೆಯಲ್ಲ. ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪ್ 1958ರಲ್ಲಿ ಹೇಳಿದ ದಾರಿ ಇಂದಿಗೂ ಹಳತಾಗಿಲ್ಲ: ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು. ಬಸ್ಸಿನಲ್ಲಿ ಉಸಿರು ಕಟ್ಟಿ, ಮತ್ತೆ ಬಸ್ ಹತ್ತದ ಒಬ್ಬರನ್ನು ಮೊದಲು ಸ್ಟಾಪಿನಲ್ಲಿ ನಿಲ್ಲಿಸಿದೆ, ಆಮೇಲೆ ಒಂದೇ ಸ್ಟಾಪು, ಆಮೇಲೆ ಸಕಲೇಶಪುರ, ಕೊನೆಗೆ ಹಾಸನ. ನಾಲ್ಕು ತಿಂಗಳು ಹಿಡಿಯಿತು. ಈ ಗೆಲುವಿನ ಗುಂಗಿನಲ್ಲಿ, ಬೆಳಗಿನ ಮಂಜಿನಲ್ಲಿ ತೋಟಕ್ಕೆ ಹೋಗಲು ಹೆದರುತ್ತಿದ್ದ ಕೂಲಿ ಹೆಂಗಸಿಗೂ "ದಿನಾ ಸ್ವಲ್ಪ ಸ್ವಲ್ಪ ನಡೀರಿ" ಅಂದೆ. ಆಕೆ ನನ್ನ ಮುಖ ನೋಡಿ, "ಆನೆ ಅಲ್ಲೇ ನಿಂತಿದ್ರೆ?" ಅಂದಳು. ಸಕಲೇಶಪುರ, ಆಲೂರು ಭಾಗದಲ್ಲಿ ಆನೆ ತುಳಿದು ಸತ್ತವರಿದ್ದಾರೆ. ಬಸ್ಸಿನ ಭಯಕ್ಕೆ ಒಗ್ಗುವ ಮದ್ದು ಈ ಭಯಕ್ಕೆ ಒಗ್ಗದು. ಇವಳಿಗೆ ಬೇಕಾದದ್ದು ಆನೆ ಎಲ್ಲಿದೆ ಎಂಬ ಸುದ್ದಿ, ಜೊತೆಗೆ ನಾಲ್ಕು ಜನ, ತಡವಾಗಿ ಶುರುವಾಗುವ ಕೆಲಸ. ಆದರೆ ಬಾಗಿಲು ಹಾಕಿದ ಮನೆಯೊಳಗೂ, ಆನೆ ಮೈಲಿಗಟ್ಟಲೆ ದೂರವಿದ್ದಾಗಲೂ ತಿಂಗಳುಗಟ್ಟಲೆ ನಿದ್ದೆ ಬರದಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ಈ ಗೆರೆ ಎಳೆಯುವುದರಲ್ಲಿ ಈಗಲೂ ತಪ್ಪುತ್ತೇನೆ.

5. ಕೂಗಾಡದವರನ್ನೂ ಲೆಕ್ಕಕ್ಕೆ ಹಿಡಿಯಿರಿ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗ ನೋಡಲು ಕಲಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೊಡ್ಡ ಕೆಲಸ. ಆದರೂ ಆಗ ಗಮನವೆಲ್ಲ ತೀವ್ರ ಮನೋರೋಗ, ಮೂರ್ಛೆರೋಗದ ಮೇಲಿತ್ತು. ಒಳಗೊಳಗೇ ನಡುಗುವವರು ಸಾಲಿನ ಹಿಂದೆಯೇ ಉಳಿದರು. ಈಗ ಸಾಲಿನಲ್ಲಿ ನಿಲ್ಲದೆಯೂ ಮಾತಾಡಬಹುದು: ಟೆಲಿ ಮಾನಸ್ ಸಹಾಯವಾಣಿ, 14416. ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಹೇಳಿಕೊಳ್ಳಬಹುದು.