ಹಳೆಯ ರೇಷ್ಮೆಯಂಗಿಯನ್ನು ಓದುವ ಬಗೆ

ಅಜ್ಜಿಯ ಜರತಾರಿ ಸೀರೆಯು ಹಳೆಯದಾದ ಮೇಲೆ ಮೊಮ್ಮಗಳ ಲಂಗವಾಗುವುದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಗಳಲ್ಲಿ ಹೊಸ ಸಂಗತಿಯಲ್ಲ. ಗಂಡಸರ ಬೆಲೆಬಾಳುವ ಉಡುಪುಗಳೂ ಹೀಗೆಯೇ ರೂಪಾಂತರ ಹೊಂದಿರುವುವು. ಅಂತಹ ಉಡುಪಿನ ಮೊದಲಿನ ರೂಪವನ್ನೂ ಆಮೇಲಣ ಮಾರ್ಪಾಟನ್ನೂ ಹೊಲಿಗೆಯಿಂದಲೇ ತಿಳಿಯುವುದು ಹೇಗೆಂಬುದನ್ನು ಇಲ್ಲಿ ವಿಚಾರಮಾಡುವೆವು. ಯೂರೋಪಿನ ಗಂಡಸರು 18ನೆಯ ಶತಮಾನದಲ್ಲಿ ಕೋಟಿನೊಳಗೆ ತೊಡುತ್ತಿದ್ದ ಕಸೂತಿಯ ರೇಷ್ಮೆ ವೇಸ್ಟ್‌ಕೋಟು ಇದಕ್ಕೆ ಒಳ್ಳೆಯ ಉದಾಹರಣೆ.

ಈ ಕಸೂತಿಗೆ ಫ್ರಾನ್ಸಿನ ಲಿಯಾನ್ ನಗರವು ಪ್ರಸಿದ್ಧವಾಗಿದ್ದಿತು. ಅಲ್ಲಿ ಬಟ್ಟೆಯನ್ನು ಮೊದಲು ಕತ್ತರಿಸುತ್ತಿರಲಿಲ್ಲ. ಚೌಕಟ್ಟಿಗೆ ಬಿಗಿದ ರೇಷ್ಮೆಯ ಮೇಲೆ ಎರಡು ಎದೆಭಾಗಗಳ, ಜೇಬಿನ ಮುಚ್ಚಳಗಳ, ಗುಂಡಿಗಳ ಆಕಾರವನ್ನು ಬರೆದು, ಅದರೊಳಗೆ ಹೂಬಳ್ಳಿಗಳನ್ನು ತುಂಬುತ್ತಿದ್ದರು. ಕೊಂಡವನ ದರ್ಜಿಯು ಅವನ ಮೈಯಳತೆಗೆ ಕತ್ತರಿಸಿ ಹೊಲಿಯುವನು. ಬೆನ್ನು ಕೋಟಿನಡಿ ಮರೆಯಾಗುವುದರಿಂದ ಅದಕ್ಕೆ ಅಗ್ಗದ ಬಟ್ಟೆಯೇ ಸಾಕಾಗಿದ್ದಿತು.

ಶತಮಾನದ ಮೊದಲಲ್ಲಿ ಮೊಳಕಾಲಿನ ಹತ್ತಿರದವರೆಗೆ ಇಳಿಯುತ್ತಿದ್ದ ಈ ಉಡುಪು, 1780ರ ಸುಮಾರಿಗೆ ಬಹಳ ಗಿಡ್ಡವಾಯಿತು. ಆದಕಾರಣ ಹಳೆಯವನ್ನು ಮೊಟಕುಮಾಡಿಸಿದವರುಂಟು. ಮೈ ಬೆಳೆದಾಗ ಬೆನ್ನನ್ನು ಸೀಳಿ ಲಾಡಿ ಕಟ್ಟಿಸಿದವರುಂಟು. 19ನೆಯ ಶತಮಾನದಲ್ಲಿ ವೇಷದ ಕೂಟಗಳಿಗಾಗಿ ತಿದ್ದಿಸಿದವರೂ ಉಂಟು.

ಮಾರ್ಪಾಟಿನ ಗುರುತುಗಳು ಇವು:

1. ಅಂಚಿಗೆ ಮುಗಿಯಬೇಕಾದ ಹೂಬಳ್ಳಿಯು ನಡುವೆ ಕಡಿದು ಹೊಲಿಗೆಯೊಳಗೆ ಸೇರಿರುವುದು.

2. ದಾರವಿಲ್ಲದ ಸೂಜಿರಂಧ್ರಗಳ ಸಾಲು. ಹಳೆಯ ಹೊಲಿಗೆಯನ್ನು ಬಿಚ್ಚಿದ ಜಾಗವಿದು.

3. ಮಡಿಕೆಯೊಳಗಿನ ರೇಷ್ಮೆಗೆ ಹೊರಗಿನದಕ್ಕಿಂತ ಹೆಚ್ಚು ಬಣ್ಣವಿರುವುದು.

4. ಯಂತ್ರದ ಹೊಲಿಗೆ. ಹೋವೆಯವರ ಹೊಲಿಗೆಯಂತ್ರಕ್ಕೆ 1846ರಲ್ಲಿಯೂ, ಸಿಂಗರ್ ಯಂತ್ರಕ್ಕೆ 1851ರಲ್ಲಿಯೂ ಪೇಟೆಂಟು ದೊರೆಯಿತು. ಆದುದರಿಂದ 18ನೆಯ ಶತಮಾನದ ಅಂಗಿಯಲ್ಲಿ ಅಂತಹ ಹೊಲಿಗೆ ಕಂಡರೆ ಅದು ಆಮೇಲಿನದೆಂಬುದು ನಿಶ್ಚಯ. ಕೈಹೊಲಿಗೆಯಾದ ಮಾತ್ರಕ್ಕೆ ಹಳೆಯದೆಂದು ಹೇಳಲಾಗದು.

5. ದಾರದ ಬಣ್ಣ. ಪರ್ಕಿನ್ ಎಂಬವರು 1856ರಲ್ಲಿ ರಾಸಾಯನಿಕ ನೇರಳೆ ಬಣ್ಣವನ್ನು ಕಂಡುಹಿಡಿದರು. ಅಂತಹ ಬಣ್ಣದ ದಾರವು ಅದಕ್ಕಿಂತ ಹಿಂದಿನದಾಗಲಾರದು.

ಈ ಪಾಠವು ನಮ್ಮ ಪೆಟ್ಟಿಗೆಗಳಿಗೂ ಸಲ್ಲುವುದು. ಮೈಸೂರು ಸೀಮೆಯಲ್ಲಿ ರೇಷ್ಮೆಯ ಸಾಕಣೆಗೆ ಟೀಪು ಸುಲ್ತಾನನು ಪ್ರೋತ್ಸಾಹವಿತ್ತನು; ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆಯ ನೇಯ್ಗೆ ಕಾರ್ಖಾನೆ ಸ್ಥಾಪಿತವಾಯಿತು. ಹಿರಿಯರ ಜರಿಪೇಟವೋ ರೇಷ್ಮೆಯಂಗಿಯೋ ಕೆಲವು ಮನೆಗಳಲ್ಲಿ ಇನ್ನೂ ಉಳಿದಿರಬಹುದು. ಒಳ್ಳೆಯ ಜರಿಯೆಂದರೆ ರೇಷ್ಮೆಯ ನೂಲಿಗೆ ಸುತ್ತಿ, ಚಿನ್ನದ ಲೇಪ ಕೊಟ್ಟ ಬೆಳ್ಳಿಯ ತಂತಿ. ಹಳೆಯ ಜರಿಯನ್ನು ಕೊಳ್ಳುವವರು ಬೆಳ್ಳಿಗಾಗಿ ಅದನ್ನು ಸುಡುವರು. ತೂಕಕ್ಕೆ ತಕ್ಕ ಹಣ ಬರುವುದು ನಿಜ. ಆದರೆ ತೊಟ್ಟವರ ಅಳತೆಯೂ ಹೊಲಿದವರ ಕೈಚಳಕವೂ ಬೂದಿಯಾಗುವುವು.

ಇನ್ನೊಂದು ಅಪಾಯವುಂಟು. ಮೊದಲಿನ ಅಂದವನ್ನು ಮರಳಿ ತರುವೆವೆಂದು ಆಮೇಲಣ ಹೊಲಿಗೆಗಳನ್ನು ಬಿಚ್ಚುವುದು. ತಂದೆಯ ಅಂಗಿಯನ್ನು ಮಗನಿಗಾಗಿ ಸಣ್ಣದು ಮಾಡಿದ ಹೊಲಿಗೆಯೂ ಆ ಮನೆಯ ಚರಿತ್ರೆಯೇ ಅಲ್ಲವೇ? ಆದುದರಿಂದ ಅದನ್ನು ಹಾಗೆಯೇ ಉಳಿಸುವುದು ಲೇಸು.

ಇಂತಹ ಬಟ್ಟೆಯನ್ನು ಒಗೆಯಬಾರದು, ಇಸ್ತ್ರಿ ಮಾಡಬಾರದು, ಬಿಸಿಲಿಗೆ ಹರಡಬಾರದು. ತೊಳೆದು ಚೆನ್ನಾಗಿ ಒಣಗಿಸಿದ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆಯನ್ನು ಬದಲಿಸಿ ಇಡಬೇಕು. ನುಸಿಗುಳಿಗೆಯು ರೇಷ್ಮೆಗೆ ತಗಲಬಾರದು. ಯಾರು ತೊಟ್ಟದ್ದು, ಯಾರು ತಿದ್ದಿದ್ದು ಎಂಬುದನ್ನು ಹಿರಿಯರಿಂದ ಕೇಳಿ, ಚೀಟಿಯಲ್ಲಿ ಬರೆದು, ಅದನ್ನು ಹೊರಗಿನ ಹತ್ತಿಬಟ್ಟೆಯ ಗಂಟಿಗೆ ಕಟ್ಟಬೇಕು. ಹೊಲಿಗೆ ಕಲಿತ ಹೆಣ್ಣುಮಕ್ಕಳು ಕತ್ತರಿಯನ್ನು ತೆಗೆಯುವ ಮೊದಲು ಒಂದು ಗಳಿಗೆ ಬಟ್ಟೆಯನ್ನು ತಿರುಗಿಸಿ ಅದರ ಒಳಮೈಯನ್ನು ಪರೀಕ್ಷಿಸಲಿ ಎಂಬುದೇ ನಮ್ಮ ಕೋರಿಕೆ.