ಸನ್ನದ್ಧತೆಯ ಮಾಪನ ಮತ್ತು ಪ್ರಾಮಾಣಿಕ ವರದಿ: ನೌಕಾಪಡೆಯ ಅನುಭವದಿಂದ ಉದ್ಯಮಿಗಳಿಗೊಂದು ಪಾಠ

ಯಾವುದೇ ಸಂಸ್ಥೆಯ ಮುಖ್ಯಸ್ಥರಿಗೆ ಪದೇ ಪದೇ ಎದುರಾಗುವ ಪ್ರಶ್ನೆಯೊಂದಿದೆ. "ಈ ಕೆಲಸವನ್ನು ಇಂದೇ ವಹಿಸಿಕೊಂಡರೆ ಪೂರೈಸಲು ನಾವು ಸಿದ್ಧರಿದ್ದೇವೆಯೇ?" ಹೊಸ ಆದೇಶ ಬಂದಾಗ, ಬ್ಯಾಂಕಿನ ಅಧಿಕಾರಿಗಳು ಭೇಟಿ ನೀಡಿದಾಗ, ವಿದೇಶಿ ಗ್ರಾಹಕರು ಸಾಮರ್ಥ್ಯದ ವಿವರ ಕೇಳಿದಾಗ ನಾವು ಸಾಮಾನ್ಯವಾಗಿ "ಹೌದು" ಎಂದೇ ಉತ್ತರಿಸುತ್ತೇವೆ. ಆ ಉತ್ತರಕ್ಕೆ ಆಧಾರವೇನು, ಅದನ್ನು ಅಳೆದವರು ಯಾರು, ಅಳತೆ ಸರಿಯಿಲ್ಲದಿದ್ದರೆ ಆಗುವ ನಷ್ಟವೇನು ಎಂಬುದನ್ನು ವಿಚಾರಿಸುವವರು ವಿರಳ.

ಇದೇ ಪ್ರಶ್ನೆಯನ್ನು ಅತ್ಯಂತ ವ್ಯವಸ್ಥಿತವಾಗಿ ಕೇಳಿಕೊಳ್ಳುವ ಸಂಸ್ಥೆಗಳಲ್ಲಿ ನೌಕಾಪಡೆಯೂ ಒಂದು. 2005ರಲ್ಲಿ ಕಾರವಾರದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದಂದಿನಿಂದ ಯುದ್ಧನೌಕೆಗಳು ನಮ್ಮ ರಾಜ್ಯದ ಜನರಿಗೆ ಅಪರಿಚಿತವಲ್ಲ. ಆದರೆ ಸನ್ನದ್ಧತೆಯ ವರದಿಗಳು ಸಾಮಾನ್ಯವಾಗಿ ಗೋಪ್ಯ ದಾಖಲೆಗಳು. ಅಮೆರಿಕದಲ್ಲಿ ಅಲ್ಲಿಯ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ ಪ್ರಕಟಿಸುವ ವರದಿಗಳ ಮೂಲಕ ಈ ವ್ಯವಸ್ಥೆಯ ಸ್ವರೂಪವೂ ಲೋಪಗಳೂ ಸಾರ್ವಜನಿಕರಿಗೆ ತಿಳಿದುಬಂದಿವೆ. ಆದುದರಿಂದ ಪ್ರಸ್ತುತ ಲೇಖನದಲ್ಲಿ ಅಮೆರಿಕದ ನೌಕಾಪಡೆಯ ಉದಾಹರಣೆಯನ್ನು ಅವಲೋಕಿಸಲಾಗಿದೆ.

ನಾಲ್ಕು ಅಳತೆಗೋಲುಗಳು

ಹಡಗಿನ ಸನ್ನದ್ಧತೆ ಎಂದರೆ ಅದಕ್ಕೆ ವಹಿಸಿದ ಕಾರ್ಯವನ್ನು ನಿಗದಿತ ಸಮಯದಲ್ಲಿ ನಿರ್ವಹಿಸುವ ಶಕ್ತಿ. ಇದನ್ನು ಒಬ್ಬ ಅಧಿಕಾರಿಯ ಅಭಿಪ್ರಾಯಕ್ಕೆ ಬಿಟ್ಟುಕೊಡದೆ, ಸಾಂಪ್ರದಾಯಿಕವಾಗಿ ನಾಲ್ಕು ವಿಭಾಗಗಳಲ್ಲಿ ಪ್ರತ್ಯೇಕವಾಗಿ ಅಳೆಯಲಾಗುತ್ತದೆ.

1. ಸಿಬ್ಬಂದಿ: ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಭರ್ತಿಯಾಗಿವೆ, ಭರ್ತಿಯಾದವರಲ್ಲಿ ಅರ್ಹತೆಯುಳ್ಳವರು ಎಷ್ಟು.

2. ಉಪಕರಣ ಮತ್ತು ದಾಸ್ತಾನು: ಹಡಗಿನಲ್ಲಿ ಇರಬೇಕಾದ ಸಾಮಗ್ರಿಗಳಲ್ಲಿ ಎಷ್ಟು ವಾಸ್ತವವಾಗಿ ಇವೆ.

3. ಉಪಕರಣಗಳ ಸ್ಥಿತಿ: ಇರುವ ಉಪಕರಣಗಳಲ್ಲಿ ಎಷ್ಟು ಕೆಲಸಕ್ಕೆ ಯೋಗ್ಯವಾಗಿವೆ.

4. ತರಬೇತಿ: ನಿಗದಿಪಡಿಸಿದ ಅಭ್ಯಾಸಗಳನ್ನು ಪೂರೈಸಿ, ಪ್ರಮಾಣಪತ್ರಗಳನ್ನು ಪಡೆದಿದ್ದಾರೆಯೇ, ಅವುಗಳ ಅವಧಿ ಮುಗಿದಿಲ್ಲವೇ.

ಇಲ್ಲಿ ಎರಡನೆಯ ಮತ್ತು ಮೂರನೆಯ ವಿಭಾಗಗಳನ್ನು ಬೇರ್ಪಡಿಸಿರುವುದು ಗಮನಾರ್ಹ. ಉಗ್ರಾಣದಲ್ಲಿ ಯಂತ್ರವಿರುವುದು ಬೇರೆ, ಯಂತ್ರ ಓಡುತ್ತಿರುವುದು ಬೇರೆ. ನಮ್ಮ ಅನೇಕ ಘಟಕಗಳ ಸ್ಥಿರಾಸ್ತಿ ಪಟ್ಟಿಗಳಲ್ಲಿ ಈ ಎರಡೂ ಒಂದೇ ಕಲಮಿನಲ್ಲಿ ಸೇರಿಹೋಗಿರುತ್ತವೆ.

ನಾಲ್ಕು ಅಂಕಗಳ ಆಧಾರದ ಮೇಲೆ ಹಡಗಿಗೆ ಒಟ್ಟಾರೆ ದರ್ಜೆ ನೀಡಲಾಗುತ್ತದೆ. ಸಿ-1 ಎಂದರೆ ತನ್ನ ಪೂರ್ಣ ಯುದ್ಧಕಾರ್ಯಕ್ಕೆ ಸಿದ್ಧ. ಸಿ-2 ಎಂದರೆ ಬಹುಪಾಲು ಕಾರ್ಯಕ್ಕೆ ಸಿದ್ಧ. ಸಿ-3 ಎಂದರೆ ಹಲವು ಭಾಗಗಳಿಗೆ ಸಿದ್ಧ, ಎಲ್ಲಕ್ಕೂ ಅಲ್ಲ. ಸಿ-4 ಎಂದರೆ ಹೆಚ್ಚಿನ ಸಂಪನ್ಮೂಲ ಅಥವಾ ತರಬೇತಿ ದೊರೆಯದೆ ಕಾರ್ಯ ನಿರ್ವಹಿಸಲಾಗದು. ದೊಡ್ಡ ದುರಸ್ತಿಗಾಗಿ ಹಡಗುಕಟ್ಟೆಯಲ್ಲಿರುವಂತಹ ಹಡಗುಗಳಿಗೆ ಸಿ-5 ಎಂಬ ಪ್ರತ್ಯೇಕ ದರ್ಜೆಯಿದೆ. ಈಚಿನ ವರ್ಷಗಳಲ್ಲಿ ಇದರ ಜೊತೆಗೆ ಕಾರ್ಯಾಧಾರಿತ ಪದ್ಧತಿಯೂ ಬಂದಿದೆ. 2002ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಆದೇಶಿಸಿದ ಹೊಸ ವರದಿ ವ್ಯವಸ್ಥೆಯಲ್ಲಿ ಪ್ರತಿಯೊಂದು ಅತ್ಯಗತ್ಯ ಕಾರ್ಯಕ್ಕೂ "ಹೌದು", "ಷರತ್ತಿನೊಡನೆ ಹೌದು", "ಇಲ್ಲ" ಎಂಬ ಮೂರು ಉತ್ತರಗಳಲ್ಲಿ ಒಂದನ್ನು ಕಮಾಂಡಿಂಗ್ ಅಧಿಕಾರಿ ನೀಡಬೇಕು.

ಸರಾಸರಿಯಲ್ಲ, ಕನಿಷ್ಠ

ಈ ಪದ್ಧತಿಯ ಅತ್ಯಂತ ಮಹತ್ವದ ನಿಯಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯೋಣ. ಒಂದು ಹಡಗಿಗೆ ಸಿಬ್ಬಂದಿಯಲ್ಲಿ 2, ದಾಸ್ತಾನಿನಲ್ಲಿ 1, ಉಪಕರಣಗಳ ಸ್ಥಿತಿಯಲ್ಲಿ 4, ತರಬೇತಿಯಲ್ಲಿ 1 ಅಂಕ ಬಂದಿದೆಯೆಂದು ಭಾವಿಸಿ. ಇವುಗಳ ಸರಾಸರಿ 2. ನಮ್ಮಲ್ಲಿ ಅನೇಕರು "ಪರವಾಗಿಲ್ಲ, ಉತ್ತಮ" ಎಂದು ಬರೆದುಬಿಡುತ್ತೇವೆ. ಆದರೆ ಆ ಹಡಗಿನ ಒಟ್ಟಾರೆ ದರ್ಜೆ ಸಿ-4. ಏಕೆಂದರೆ ನಾಲ್ಕರಲ್ಲಿ ಅತ್ಯಂತ ಕೆಳಗಿನ ಅಂಕವೇ ಒಟ್ಟು ಅಂಕ. ಎಂಜಿನ್ ಕೆಟ್ಟ ಹಡಗಿನಲ್ಲಿ ಎಷ್ಟೇ ನುರಿತ ನಾವಿಕರಿದ್ದರೂ ಅದು ಬಂದರು ಬಿಟ್ಟು ಕದಲುವುದಿಲ್ಲ. ಒಂದು ವಿಭಾಗದ ಹೆಚ್ಚಳ ಮತ್ತೊಂದರ ಕೊರತೆಯನ್ನು ತುಂಬಲಾರದು.

ಒಟ್ಟಾರೆ ದರ್ಜೆಯನ್ನು ತಮ್ಮ ವಿವೇಚನೆಯಂತೆ ಏರಿಸುವ ಅಥವಾ ಇಳಿಸುವ ಅಧಿಕಾರ ಕಮಾಂಡಿಂಗ್ ಅಧಿಕಾರಿಗೆ ಇದೆ. ಆದರೆ ವಿಭಾಗಗಳ ಅಳತೆಯ ಅಂಕಗಳನ್ನು ಅವರು ತಿದ್ದುವಂತಿಲ್ಲ. ಬದಲಾವಣೆಯ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಹೀಗೆ ಅಳತೆಯೂ ಅನುಭವಸ್ಥರ ತೀರ್ಮಾನವೂ ಒಂದೇ ಪುಟದಲ್ಲಿ ಅಕ್ಕಪಕ್ಕ ಉಳಿಯುತ್ತವೆ. ಓದುವವರಿಗೆ ಇವೆರಡರ ನಡುವಿನ ಅಂತರ ಸ್ಪಷ್ಟವಾಗಿ ಕಾಣುತ್ತದೆ.

ಕೆಟ್ಟ ಸುದ್ದಿಗೆ ಒಂದು ರಾಜಮಾರ್ಗ

ನಿಯತಕಾಲಿಕ ವರದಿಯ ಹೊರತಾಗಿ "ಕ್ಯಾಸ್‌ರೆಪ್" ಎಂಬ ಮತ್ತೊಂದು ವರದಿಯಿದೆ. ಮುಖ್ಯವಾದ ಉಪಕರಣವೊಂದು ಕೆಟ್ಟು, 48 ಗಂಟೆಗಳೊಳಗೆ ಸರಿಪಡಿಸಲಾಗದು ಎಂದಾದಾಗ ಹಡಗು ಈ ವರದಿಯನ್ನು ಕಳುಹಿಸುತ್ತದೆ. ಇದರಲ್ಲಿ ದೋಷದ ತೀವ್ರತೆಯನ್ನು 2, 3, 4 ಎಂಬ ಸಂಖ್ಯೆಗಳಿಂದ ಸೂಚಿಸುತ್ತಾರೆ. 2 ಎಂದರೆ ಮುಖ್ಯ ಕಾರ್ಯಕ್ಕೆ ಅಲ್ಪ ಕುಂದು. 3 ಎಂದರೆ ಗಣನೀಯ ಕುಂದು. 4 ಎಂದರೆ ಒಂದು ಮುಖ್ಯ ಕಾರ್ಯವೇ ಅಸಾಧ್ಯ. ಬೇಕಾದ ಬಿಡಿಭಾಗ ಯಾವುದು, ಹೊರಗಿನ ನೆರವು ಬೇಕೇ, ದುರಸ್ತಿ ಯಾವಾಗ ಆದೀತು ಎಂಬ ವಿವರಗಳೂ ಇರುತ್ತವೆ. ಸರಿಪಡಿಸಿದ ನಂತರ ಅದನ್ನು ತಿಳಿಸುವ ಪ್ರತ್ಯೇಕ ವರದಿಯಿಂದ ಈ ಕಡತ ಮುಗಿಯುತ್ತದೆ.

ಈ ವರದಿ ದೂರುಪತ್ರವಲ್ಲ, ತಪ್ಪೊಪ್ಪಿಗೆಯೂ ಅಲ್ಲ. ಇದು ಬಿಡಿಭಾಗಗಳ ಪೂರೈಕೆಗೆ ಆದ್ಯತೆ ದೊರಕಿಸಿಕೊಡುವ ಸಾಧನ. ದೋಷವನ್ನು ತಿಳಿಸಿದವನಿಗೆ ಶಿಕ್ಷೆಯ ಬದಲು ನೆರವು ದೊರೆಯುವಂತೆ ವ್ಯವಸ್ಥೆಯನ್ನು ರೂಪಿಸಿರುವುದು ಇಲ್ಲಿಯ ವಿಶೇಷ.

ಹೊರಗಿನ ಕಣ್ಣು

ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ವರದಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಸಾಲದು. ಆದುದರಿಂದ ಅಮೆರಿಕದ ನೌಕಾಪಡೆಯಲ್ಲಿ "ಇನ್‌ಸರ್ವ್" ಎಂಬ ತಪಾಸಣಾ ಮಂಡಳಿಯಿದೆ. 1882ರ ಕಾನೂನಿನ ಬಲವುಳ್ಳ ಈ ಮಂಡಳಿಯ ತಪಾಸಕರು ಹಡಗನ್ನು ಸಮುದ್ರಕ್ಕೆ ಕೊಂಡೊಯ್ದು, ಎಂಜಿನ್, ಚುಕ್ಕಾಣಿ, ಲಂಗರು, ಶಸ್ತ್ರಾಸ್ತ್ರಗಳನ್ನು ಓಡಿಸಿಯೇ ನೋಡುತ್ತಾರೆ. ಕಾಗದದ ಮೇಲಿನ ಸ್ಥಿತಿಯನ್ನು ವಾಸ್ತವದೊಡನೆ ತಾಳೆ ನೋಡುವ ಕಾರ್ಯವಿದು. 2008ರಲ್ಲಿ ಚೋಸಿನ್ ಮತ್ತು ಸ್ಟೌಟ್ ಎಂಬ ಎರಡು ಯುದ್ಧನೌಕೆಗಳು ಈ ತಪಾಸಣೆಯಲ್ಲಿ ಅನುತ್ತೀರ್ಣವಾದುದು ಆಗ ಬಹಳ ಚರ್ಚೆಗೆ ಕಾರಣವಾಯಿತು. ತದನಂತರ ತಪಾಸಣೆಯ ಫಲಿತಾಂಶಗಳನ್ನು ಗೋಪ್ಯವಾಗಿಡಲಾಯಿತು.

2017ರ ಎರಡು ಅಪಘಾತಗಳು

ಇಷ್ಟೆಲ್ಲ ವ್ಯವಸ್ಥೆಯಿದ್ದರೂ ಏನಾಯಿತು ಎಂಬುದು ಈ ಪಾಠದ ತಿರುಳು. 2017ರ ಜೂನ್ 17ರ ನಸುಕಿನಲ್ಲಿ ಜಪಾನ್ ಕರಾವಳಿಯ ಬಳಿ ಫಿಟ್ಜ್‌ಜೆರಾಲ್ಡ್ ಎಂಬ ಡಿಸ್ಟ್ರಾಯರ್ ನೌಕೆಯು ಎಸಿಎಕ್ಸ್ ಕ್ರಿಸ್ಟಲ್ ಎಂಬ ಕಂಟೇನರ್ ಹಡಗಿಗೆ ಡಿಕ್ಕಿಯಾಗಿ 7 ನಾವಿಕರು ಮೃತರಾದರು. ಅದೇ ವರ್ಷದ ಆಗಸ್ಟ್ 21ರಂದು ಸಿಂಗಪುರದ ಸಮೀಪ ಜಾನ್ ಎಸ್. ಮೆಕೇನ್ ಎಂಬ ಮತ್ತೊಂದು ಡಿಸ್ಟ್ರಾಯರ್ ಅಲ್ನಿಕ್ ಎಂಸಿ ಎಂಬ ತೈಲನೌಕೆಗೆ ಡಿಕ್ಕಿಯಾಗಿ 10 ನಾವಿಕರು ಪ್ರಾಣ ಕಳೆದುಕೊಂಡರು. ಎರಡೂ ಅಪಘಾತಗಳನ್ನು ತಪ್ಪಿಸಬಹುದಾಗಿತ್ತು ಎಂದು ನೌಕಾಪಡೆಯ ತನಿಖೆಯೇ ತೀರ್ಮಾನಿಸಿತು.

ಎರಡೂ ಹಡಗುಗಳು ಜಪಾನಿನಲ್ಲಿ ನೆಲೆ ಹೊಂದಿದ್ದವು. ಜಿಎಒ ತಿಳಿಸಿದಂತೆ 2017ರ ಜೂನ್ ವೇಳೆಗೆ ಜಪಾನ್ ನೆಲೆಯ ಕ್ರೂಸರ್ ಮತ್ತು ಡಿಸ್ಟ್ರಾಯರ್ ನೌಕೆಗಳ ಸಿಬ್ಬಂದಿಯ ಯುದ್ಧ ತರಬೇತಿ ಪ್ರಮಾಣಪತ್ರಗಳಲ್ಲಿ ಶೇ. 37ರಷ್ಟು ಅವಧಿ ಮೀರಿದ್ದವು. ಎರಡೇ ವರ್ಷಗಳಲ್ಲಿ ಈ ಪ್ರಮಾಣ ಐದು ಪಟ್ಟಿಗೂ ಮಿಗಿಲಾಗಿ ಹೆಚ್ಚಿತ್ತು. ಅಷ್ಟೇ ಅಲ್ಲ, 2015ರ ಮೇ ತಿಂಗಳಿನಲ್ಲಿಯೇ ಅದೇ ಸಂಸ್ಥೆ ಎಚ್ಚರಿಕೆ ನೀಡಿತ್ತು. ಬಿಡುವಿಲ್ಲದ ಕಾರ್ಯಾಚರಣೆಯಿಂದಾಗಿ ಜಪಾನ್ ನೆಲೆಯ ಹಡಗುಗಳಿಗೆ ಪ್ರತ್ಯೇಕ ತರಬೇತಿಯ ಅವಧಿಯೇ ಇಲ್ಲ, ಉಪಕರಣ ದೋಷದ ವರದಿಗಳು ಐದು ವರ್ಷಗಳಲ್ಲಿ ದ್ವಿಗುಣಗೊಂಡಿವೆ ಎಂದು ಅದು ಹೇಳಿತ್ತು.

ಎಂದರೆ ಮಾಹಿತಿಯ ಕೊರತೆ ಇರಲಿಲ್ಲ. ಅಂಕಿಗಳು ನೌಕಾಪಡೆಯ ಕಡತಗಳಿಂದಲೇ ಬಂದಿದ್ದವು. ಅವಧಿ ಮೀರಿದ ಪ್ರಮಾಣಪತ್ರಕ್ಕೆ ಬದಲಾಗಿ "ಅಪಾಯ ತಗ್ಗಿಸುವ ಯೋಜನೆ" ಎಂಬ ಕಾಗದವೊಂದನ್ನು ಸಿದ್ಧಪಡಿಸಿ, ಅನುಮತಿ ಪಡೆದು ಹಡಗುಗಳು ಸಮುದ್ರಕ್ಕೆ ಇಳಿಯುತ್ತಿದ್ದವು. ವಿನಾಯಿತಿ ಎಂಬುದು ಅಪರೂಪವಾಗಿರಬೇಕು. ಅದು ನಿತ್ಯದ ಪದ್ಧತಿಯಾದಾಗ ವರದಿಯಲ್ಲಿರುವ ಕೆಂಪು ಗುರುತನ್ನು ನೋಡುವ ಕಣ್ಣು ಕ್ರಮೇಣ ಅದಕ್ಕೆ ಒಗ್ಗಿಹೋಗುತ್ತದೆ.

ಯಾವ ಕಲಮಿನಲ್ಲಿಯೂ ಕಾಣದ ಸಂಗತಿಗಳೂ ಇದ್ದವು. 2014ರಲ್ಲಿ ನೌಕಾಪಡೆಯೇ ನಡೆಸಿದ ಆಂತರಿಕ ಅಧ್ಯಯನದ ಪ್ರಕಾರ, ವಾರಕ್ಕೆ 80 ಗಂಟೆ ಕೆಲಸ ಮಾಡಬೇಕಾದ ನಾವಿಕರು ಸರಾಸರಿ 108 ಗಂಟೆ ಕರ್ತವ್ಯದಲ್ಲಿರುತ್ತಿದ್ದರು. ಸಿಬ್ಬಂದಿಯ ಕಲಮು ತಲೆಗಳನ್ನು ಎಣಿಸುತ್ತದೆ. ಅವರು ನಿದ್ರೆ ಮಾಡಿದ್ದಾರೆಯೇ ಎಂದು ಕೇಳುವುದಿಲ್ಲ. ಮೆಕೇನ್ ನೌಕೆಯಲ್ಲಿ ಅಂದು ಪಹರೆಯಲ್ಲಿದ್ದ ಕೆಲವರು ಬೇರೊಂದು ನೌಕೆಯಿಂದ ತಾತ್ಕಾಲಿಕವಾಗಿ ಬಂದವರು. ಎರಡೂ ಹಡಗುಗಳ ಚುಕ್ಕಾಣಿ ವ್ಯವಸ್ಥೆ ಬೇರೆ ಬೇರೆಯಾಗಿದ್ದು, ಅವರಿಗೆ ಹೊಸ ವ್ಯವಸ್ಥೆಯ ತರಬೇತಿ ಸಾಕಷ್ಟು ದೊರೆತಿರಲಿಲ್ಲ. ಚುಕ್ಕಾಣಿಯ ನಿಯಂತ್ರಣ ಒಂದು ಕನ್ಸೋಲಿನಿಂದ ಇನ್ನೊಂದಕ್ಕೆ ವರ್ಗಾವಣೆಯಾದುದನ್ನು ತಿಳಿಯದೆ, ನಿಯಂತ್ರಣವೇ ತಪ್ಪಿಹೋಯಿತೆಂದು ಸಿಬ್ಬಂದಿ ಭಾವಿಸಿದರು. ಕಾಗದದ ಮೇಲೆ ಹುದ್ದೆ ಭರ್ತಿಯಾಗಿತ್ತು; ಚುಕ್ಕಾಣಿಯ ಮುಂದೆ ಅದರ ಪರಿಚಯವುಳ್ಳವರು ಇರಲಿಲ್ಲ.

ಅನಂತರ ಕೈಗೊಂಡ ಕ್ರಮಗಳು

ಅಪಘಾತಗಳ ತರುವಾಯ ಏಳನೆಯ ನೌಕಾದಳದ ಮುಖ್ಯಸ್ಥರನ್ನು ಹುದ್ದೆಯಿಂದ ತೆಗೆಯಲಾಯಿತು. ಜಪಾನ್ ನೆಲೆಯ ಹಡಗುಗಳನ್ನೆಲ್ಲ ಹೊಸದಾಗಿ ಪರೀಕ್ಷಿಸಲಾಯಿತು. ಅವುಗಳ ತರಬೇತಿ ಮತ್ತು ಪ್ರಮಾಣೀಕರಣದ ಹೊಣೆಯನ್ನು ಯೊಕೊಸುಕದಲ್ಲಿ ಸ್ಥಾಪಿಸಿದ ಪ್ರತ್ಯೇಕ ಘಟಕಕ್ಕೆ ವಹಿಸಲಾಯಿತು. ಹಡಗು ಬೇಕೆನ್ನುವವರೇ ಹಡಗು ಸಿದ್ಧವೆಂದು ಪ್ರಮಾಣೀಕರಿಸಬಾರದು ಎಂಬುದು ಇದರ ಆಶಯ. 2018ರ ಆಗಸ್ಟಿನಲ್ಲಿ ಜಾರಿಗೆ ಬಂದ ರಕ್ಷಣಾ ಕಾನೂನು, ವಿದೇಶಿ ನೆಲೆಯಲ್ಲಿ ಹಡಗು ಇರಬಹುದಾದ ಅವಧಿಯನ್ನು 10 ವರ್ಷಗಳಿಗೆ ಮಿತಗೊಳಿಸಿತು; ಇನ್‌ಸರ್ವ್ ತಪಾಸಣೆಗೆ ಹೆಚ್ಚಿನ ಮುನ್ಸೂಚನೆ ನೀಡಬಾರದೆಂದು ವಿಧಿಸಿತು. ವಾರಗಟ್ಟಲೆ ಮೊದಲೇ ತಿಳಿದಿರುವ ತಪಾಸಣೆಯು ಹಡಗಿನ ಸ್ಥಿತಿಗಿಂತ ಹೆಚ್ಚಾಗಿ ಅದರ ಪೂರ್ವಸಿದ್ಧತೆಯನ್ನೇ ಅಳೆಯುತ್ತದೆ ಎಂಬುದು ನಮ್ಮ ಸದಸ್ಯರಿಗೆ ವಿವರಿಸಬೇಕಾದ ಸಂಗತಿಯಲ್ಲ.

ನಮ್ಮ ಉದ್ಯಮಗಳಿಗೆ ಅನ್ವಯ

ಪೀಣ್ಯದ ಯಂತ್ರಾಗಾರವಾಗಲಿ, ಬೆಳಗಾವಿಯ ಎರಕದ ಘಟಕವಾಗಲಿ, ಯುದ್ಧನೌಕೆಯಷ್ಟು ದೊಡ್ಡ ವ್ಯವಸ್ಥೆಯನ್ನು ಹೊಂದುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಆದರೆ ಈ ಕೆಳಗಿನ ಐದು ಅಂಶಗಳನ್ನು ಯಾವ ಘಟಕವೂ ಖರ್ಚಿಲ್ಲದೆ ಅಳವಡಿಸಿಕೊಳ್ಳಬಹುದು.

1. ತಿಂಗಳಿಗೊಮ್ಮೆ ಒಂದೇ ಪುಟದಲ್ಲಿ ಸಿಬ್ಬಂದಿ, ದಾಸ್ತಾನು, ಯಂತ್ರಗಳ ಸ್ಥಿತಿ, ತರಬೇತಿ ಇವುಗಳಿಗೆ ಪ್ರತ್ಯೇಕ ಅಂಕ ನೀಡಿ. ಸರಾಸರಿ ತೆಗೆಯಬೇಡಿ. ಕೆಳಗಿನ ಅಂಕವನ್ನೇ ಘಟಕದ ದರ್ಜೆಯೆಂದು ಸ್ವೀಕರಿಸಿ.

2. 48 ಗಂಟೆಗಳಲ್ಲಿ ಸರಿಯಾಗದ ದೋಷವನ್ನು ಮಾಲೀಕರಿಗೆ ನೇರವಾಗಿ ತಿಳಿಸುವ ಮಾರ್ಗವನ್ನು ಕಾರ್ಮಿಕರಿಗೆ ಕಲ್ಪಿಸಿ. ತಿಳಿಸಿದವರನ್ನು ಗದರಿಸಿದರೆ ಮುಂದಿನ ದೋಷ ಗ್ರಾಹಕರಿಂದಲೇ ತಿಳಿಯುತ್ತದೆ.

3. ಅವಧಿ ಮೀರಿದ ಮಾಪಕಗಳ ಕ್ಯಾಲಿಬ್ರೇಷನ್, ಬಾಯ್ಲರ್ ಪ್ರಮಾಣಪತ್ರ, ಅಗ್ನಿಶಾಮಕ ಸಲಕರಣೆಗಳ ದಿನಾಂಕ ಇವುಗಳಿಗೆ ವಿನಾಯಿತಿ ನೀಡುವ ಮುನ್ನ, ಇದು ಎಷ್ಟನೆಯ ವಿನಾಯಿತಿ ಎಂದು ಎಣಿಸಿ. ಕಾನೂನು ವಿಧಿಸಿದ ಪ್ರಮಾಣಪತ್ರಕ್ಕೆ ವಿನಾಯಿತಿ ನೀಡುವ ಅಧಿಕಾರ ನಮಗೆ ಇಲ್ಲವೇ ಇಲ್ಲ ಎಂಬುದನ್ನೂ ನೆನಪಿಡಿ.

4. ಒಂದು ಬಗೆಯ ಸಿಎನ್‌ಸಿ ನಿಯಂತ್ರಕದಲ್ಲಿ ಪಳಗಿದ ಕೆಲಸಗಾರರನ್ನು ಮತ್ತೊಂದರ ಮುಂದೆ ನಿಲ್ಲಿಸುವಾಗ ಅವರನ್ನು ತರಬೇತಿ ಇಲ್ಲದವರೆಂದೇ ಲೆಕ್ಕಿಸಿ. ಎರಡು ಪಾಳಿ ಸತತವಾಗಿ ದುಡಿದವರನ್ನು ಪೂರ್ಣ ಸಿಬ್ಬಂದಿಯೆಂದು ಎಣಿಸಬೇಡಿ.

5. ಆದೇಶ ತರುವ ಮಾರಾಟ ವಿಭಾಗವೂ ಸಾಮರ್ಥ್ಯ ಪ್ರಮಾಣೀಕರಿಸುವ ಉತ್ಪಾದನಾ ವಿಭಾಗವೂ ಒಬ್ಬರ ಕೈಯಲ್ಲಿಯೇ ಇದ್ದರೆ, ವರ್ಷಕ್ಕೊಮ್ಮೆಯಾದರೂ ಹೊರಗಿನ ಅನುಭವಿಯೊಬ್ಬರನ್ನು ಕರೆಸಿ, ಯಂತ್ರವನ್ನು ಓಡಿಸಿ ನೋಡುವಂತೆ ಕೋರಿ. ಸಣ್ಣ ಘಟಕಗಳಲ್ಲಿ ಈ ಎರಡೂ ಮಾಲೀಕರ ಹೊಣೆಯೇ ಆಗಿರುವುದರಿಂದ ಇದು ಅವರಿಗೇ ಹೆಚ್ಚು ಅನ್ವಯಿಸುತ್ತದೆ.

"ಇಲ್ಲ" ಎನ್ನುವ ಹಕ್ಕು

ಕೊನೆಯದಾಗಿ ಒಂದು ಮಾತು. ಆದೇಶವನ್ನು ನಿರಾಕರಿಸಿದರೆ ಗ್ರಾಹಕರು ಬೇರೆಯವರತ್ತ ಹೋಗುತ್ತಾರೆ ಎಂಬ ಭಯ ಸಹಜ. ನೌಕಾಪಡೆಯ ಅಧಿಕಾರಿಗಳಿಗೂ ಅಂತಹುದೇ ಭಯವಿದ್ದಿರಬೇಕು. ವಹಿಸಿದ ಕೆಲಸವನ್ನು ಹೇಗಾದರೂ ಮಾಡಿಯೇ ತೀರುತ್ತೇವೆ ಎಂಬ ಮನೋಭಾವ ಮೆಚ್ಚತಕ್ಕದ್ದೇ. ಆದರೆ ಅಳತೆಯು "ಸಿದ್ಧವಿಲ್ಲ" ಎನ್ನುತ್ತಿರುವಾಗ ಆ ಮನೋಭಾವವೇ ಉತ್ತರವಾದರೆ, ಅದರ ಬೆಲೆಯನ್ನು ತೆರುವವರು ವರದಿಗೆ ಸಹಿ ಹಾಕಿದವರಲ್ಲ. ಆ ಎರಡು ನಸುಕುಗಳಲ್ಲಿ ಮಡಿದ 17 ಮಂದಿಯಲ್ಲಿ ಬಹುತೇಕರು ಹಡಗಿನ ಕೆಳ ಅಂತಸ್ತುಗಳ ಮಲಗುವ ಕೋಣೆಗಳಲ್ಲಿದ್ದವರು. ಅವರು ಯಾವ ತೀರ್ಮಾನವನ್ನೂ ಕೈಗೊಂಡಿರಲಿಲ್ಲ.

ನಮ್ಮ ಕಾರ್ಖಾನೆಗಳಲ್ಲಿಯೂ ಸಹಿ ಹಾಕುವವರು ಒಬ್ಬರು, ಪ್ರೆಸ್ ಮುಂದೆ ನಿಲ್ಲುವವರು ಮತ್ತೊಬ್ಬರು. ಮುಂದಿನ ಬಾರಿ "ಸಿದ್ಧರಿದ್ದೀರಾ?" ಎಂಬ ಪ್ರಶ್ನೆ ಬಂದಾಗ, ಉತ್ತರ ಬರೆಯುವ ಮುನ್ನ ಒಮ್ಮೆ ಯಂತ್ರಾಗಾರಕ್ಕೆ ಹೋಗಿ ನೋಡಿಬರುವುದು ಒಳಿತು.